ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’: ಬುಕ್ ಸೂಪರ್, ಪ್ಯಾಕಿಂಗ್ ಅಷ್ಟಕ್ಕಷ್ಟೆ

ಆನ್‌ಲೈನಲ್ಲಿ ತರಿಸಿದ್ದು, ದಾವಣಗೆರೆ ಮುಟ್ಟೋದ್ರೊಳಗೆ ಒಂದು ಮೂಲೆ ಮಡಚಿ ಹೋಗಿತ್ತು, ತೆಳು ಪ್ಲಾಸ್ಟಿಕ್ ಕವರಲ್ಲಿ ತುರುಕಿ ಕಳಿಸಿದ್ರೆ ಇನ್ನೇನಾಗುತ್ತೆ ಹೇಳಿ. ರಿಟರ್ನ್ ಹಾಕೋಣ ಅಂತಿದ್ದೆ, ಓದೋಕೆ ಶುರು ಮಾಡಿದ್ಮೇಲೆ ಕೈಬಿಡೋಕೆ ಮನಸ್ಸಾಗ್ಲಿಲ್ಲ.

ಮೊದಲಲ್ಲೇ ಇಬ್ಬರು ಮನುಷ್ಯರನ್ನ ಎತ್ತಿನ ಜಾಗದಲ್ಲಿ ನೊಗಕ್ಕೆ ಕಟ್ಟಿ ಇನ್ನೊಬ್ಬ ಹೊಲ ಉಳ್ತಿರ್ತಾನೆ, ಪುಟ್ಟ ಹುಡುಗ ನಿಂತು ನೋಡ್ತಾನೆ, ಆ ಇಬ್ಬರಲ್ಲಿ ಒಬ್ರು ಅವನ ಅಪ್ಪ. ಅಷ್ಟೇ ಹೇಳಿ ಮುಂದೆ ಹೋಗ್ತಾರೆ, ಗೋಳಾಟ ಇಲ್ವೇ ಇಲ್ಲ. ಆಮೇಲೆ ನಗಿಸೋಕೆ ಶುರು ಮಾಡ್ತಾರೆ ನೋಡಿ! ಬೆಂಗಳೂರಿಗೆ ಬಂದ್ಮೇಲೆ ಸಿದ್ದಲಿಂಗಯ್ಯನವರು ಸ್ಮಶಾನದಲ್ಲಿ ಕೂತು ಓದ್ತಿದ್ದ ಕಥೆನ ನಮ್ಮಮ್ಮಂಗೆ ಜೋರಾಗಿ ಓದಿ ಹೇಳ್ದೆ, ಮೆಣಸಿನಕಾಯಿ ಬಾಣಲೀಲಿ ಕಪ್ಪಾಗೋವರೆಗೂ ಅವ್ರು ನಗ್ತಾನೇ ಇದ್ರು.

ಸಿದ್ದಲಿಂಗಯ್ಯನವರು ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದವ್ರು, 1975ರಲ್ಲಿ ‘ಹೊಲೆಮಾದಿಗರ ಹಾಡು’ ಕವನ ಸಂಕಲನ ಬಂತು, ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ರು, 2015ರ ಶ್ರವಣಬೆಳಗೊಳ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದ್ರು. ಇವರ ಪದ್ಯ ಪುಸ್ತಕದಲ್ಲಿ ಓದಿದ್ದಕ್ಕಿಂತ ಮೆರವಣಿಗೇಲಿ ಹಾಡಿ ಕಲಿತವ್ರೇ ಜಾಸ್ತಿ ಅನ್ಸುತ್ತೆ ನಂಗೆ.

ಹೊಸಬರು ಒಂದು ವಿಷ್ಯ ಮೊದ್ಲೇ ತಿಳ್ಕೊಂಡಿರಿ, 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದಿದ್ದಕ್ಕೆ ರಾಜ್ಯಾನೇ ಹೊತ್ತಿಕೊಂಡಿತ್ತು, ಅವರ ಮಂತ್ರಿಗಿರಿನೂ ಹೋಯ್ತು. ಆ ಗಲಾಟೆ ಗೊತ್ತಿಲ್ದಿದ್ರೆ ಸಿದ್ದಲಿಂಗಯ್ಯನವರ ಕಾಲೇಜು ದಿನಗಳ ಬಿಸಿ ತಟ್ಟಲ್ಲ.

ಪುಸ್ತಕಕ್ಕೆ ಐದು ಸ್ಟಾರ್, ಕಳಿಸಿದವರಿಗೆ ಎರಡು. ಪುಸ್ತಕದ ಅಂಗಡೀಲಿ ಸಿಕ್ರೆ ಅಲ್ಲೇ ತಗೊಳ್ಳಿ, ಮೂಲೆ ನೋಡ್ಕೊಂಡು.