ಹ್ಯಾವ್‌ಲಾಕಾ, ಮಾಫುಶಿನಾ? ಗಂಡ ಹೆಂಡ್ತಿ ಇಬ್ಬರೇ ಹೋಗೋ ಚಳಿಗಾಲದ ರಜೆಗೆ ಯಾವ ದ್ವೀಪ

ಪೂರ್ತಿ ಓದೋಕೆ ಪುರುಸೊತ್ತಿಲ್ದೋರಿಗೆ ಮೊದ್ಲೇ ಹೇಳ್ಬಿಡ್ತೀನಿ. ಕೈಲಿ ನಾಲ್ಕೈದು ದಿನ ಅಷ್ಟೇ ಇದ್ರೆ ಮಾಲ್ಡೀವ್ಸ್‌ನ ಲೋಕಲ್ ದ್ವೀಪ (ಮಾಫುಶಿ ಥರ, ರೆಸಾರ್ಟ್ ಅಲ್ಲ, ಅಲ್ಲಿನ ಜನ ವಾಸ ಇರೋದು), ವಾರ ಪೂರ್ತಿ ರಜೆ ಸಿಗತ್ತೆ ಅಂದ್ರೆ ಅಂಡಮಾನ್‌ನ ಹ್ಯಾವ್‌ಲಾಕ್. ದುಡ್ಡು ನೋಡಿ ಹೇಳ್ತಿರೋ ಮಾತಲ್ಲ ಇದು, ದ್ವೀಪಕ್ಕೆ ಹೋದ್ರೆ ನಿಮ್ಮ ರಜೆನ ನುಂಗೋದು ದೋಣಿ ಮತ್ತೆ ಸೂರ್ಯ, ಆ ಲೆಕ್ಕದಲ್ಲಿ ಹೇಳ್ತಿರೋದು.

ನಾವು ಬೆಂಗಳೂರಲ್ಲಿರೋದು. ಚಳಿಗೆ ಹೆದರಿ ಬೆಚ್ಚಗಿನ ಕಡೆ ಓಡಿಹೋಗೋ ಅಷ್ಟು ಚಳಿ ನಮ್ಮಲ್ಲೇನಿದೆ ಹೇಳಿ, ಸ್ವೆಟರ್ ಹಾಕ್ಕೊಂಡು ವಾಕಿಂಗ್ ಹೋದ್ರೆ ಮುಗೀತು. ಆದ್ರೂ ಡಿಸೆಂಬರ್ ಜನವರಿನೇ ಯಾಕೆ ಅಂದ್ರೆ ಮೇ ತಿಂಗಳಿಂದ ಮುಂಗಾರು ಶುರುವಾದ್ರೆ ಎರಡೂ ಕಡೆ ಸಮುದ್ರ ಕೆರಳಿರತ್ತೆ, ನೀರು ತಿಳಿಯಾಗಿ ದೋಣಿ ಸರಿಯಾಗಿ ಓಡೋದು ಈ ಕಾಲದಲ್ಲೇ. ಒಂದು ವರ್ಷ ಡಿಸೆಂಬರ್ ಕೊನೆಗೆ ಅಂಡಮಾನಿಗೆ ಹೋದ್ವಿ, ಮುಂದಿನ ಸಲ ಸಂಕ್ರಾಂತಿ ಕಳೆದ ಮೇಲೆ ಮಾಲ್ಡೀವ್ಸ್. ಇವ್ರು ತೀರ್ಥಹಳ್ಳಿ ಕಡೆಯವ್ರು, ತುಂಗೆ ಪಕ್ಕದಲ್ಲೇ ಬೆಳೆದೂ ಈಜು ಬರಲ್ಲ. ನಂಗೆ ಅಷ್ಟೋ ಇಷ್ಟೋ ಬರತ್ತೆ. ಇಬ್ಬರೂ ಮೀನು ತಿನ್ನಲ್ಲ. ಇದನ್ನ ಇಟ್ಕೊಂಡು ಮುಂದೆ ಓದಿ, ಯಾಕಂದ್ರೆ ನಿಮಗೆ ಈಜು ಬಂದು ಮೀನೂ ತಿಂತೀರಾ ಅಂದ್ರೆ ಲೆಕ್ಕ ಬೇರೆ ಆಗತ್ತೆ.

ಹೋಗೋದು ಹೇಗೆ ಅನ್ನೋದ್ರಿಂದ ಶುರು ಮಾಡ್ತೀನಿ. ಎರಡಕ್ಕೂ ಬೆಂಗಳೂರಿಂದ ನೇರ ಫ್ಲೈಟ್ ಇದೆ, ಪೋರ್ಟ್ ಬ್ಲೇರಿಗೆ (2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರು ಬದಲಾಯ್ತು, ಟ್ಯಾಕ್ಸಿಯವ್ರು ಇನ್ನೂ ಪೋರ್ಟ್ ಬ್ಲೇರ್ ಅಂತಾನೇ ಅಂತಾರೆ) ಎರಡೂವರೆ ಗಂಟೆ ಮೇಲಾಗತ್ತೆ, ಮಾಲ್ಡೀವ್ಸ್ ರಾಜಧಾನಿ ಮಾಲೆಗೆ ಎರಡು ಗಂಟೆ ಹತ್ರ. ಅಂದ್ರೆ ವಿದೇಶನೇ ಹತ್ರ, ನಮ್ಮ ದೇಶನೇ ದೂರ. ಆದ್ರೆ ನಿಜವಾದ ವ್ಯತ್ಯಾಸ ಇಳಿದ ಮೇಲೆ ಗೊತ್ತಾಗೋದು. ಮಾಲೆ ಏರ್‌ಪೋರ್ಟ್ ಇರೋದೇ ಒಂದು ದ್ವೀಪದ ಮೇಲೆ, ಬಾಗಿಲು ದಾಟಿದ್ರೆ ಎದುರಿಗೇ ಜೆಟ್ಟಿ, ನಿಮ್ಮ ಗೆಸ್ಟ್‌ಹೌಸ್ ಹುಡುಗ ಹೆಸರಿನ ಬೋರ್ಡ್ ಹಿಡ್ಕೊಂಡು ನಿಂತಿರ್ತಾನೆ, ಸ್ಪೀಡ್‌ಬೋಟ್ ಹತ್ತಿದ್ರೆ ಮುಕ್ಕಾಲು ಗಂಟೆ ಒಳಗೆ ಮಾಫುಶಿ. ವೀಸಾ ಅಲ್ಲೇ ಹೋದಾಗ ಫ್ರೀ, ಹೊರಡೋಕೆ 96 ಗಂಟೆ ಒಳಗೆ ಆನ್‌ಲೈನಲ್ಲಿ ಒಂದು ಫಾರಂ ತುಂಬಿದ್ರೆ ಸಾಕು. ಅಂಡಮಾನಲ್ಲಿ ಹಾಗಲ್ಲ, ಪೋರ್ಟ್ ಬ್ಲೇರಲ್ಲಿ ಇಳಿದ ದಿನ ಹೆಚ್ಚಿನವ್ರು ಅಲ್ಲೇ ಉಳೀತಾರೆ, ಮಾರನೇ ದಿನ ಬೆಳಿಗ್ಗೆ ಎದ್ದು ಜೆಟ್ಟಿಗೆ ಹೋಗಿ ಲಗೇಜ್ ಚೆಕ್ ಮಾಡಿಸಿ ಕ್ಯೂ ನಿಂತು ಪ್ರೈವೇಟ್ ಫೆರಿ ಹತ್ತಿದ್ರೆ ಒಂದೂವರೆ ಗಂಟೆಗೆ ಹ್ಯಾವ್‌ಲಾಕ್, ಸರ್ಕಾರಿ ಹಡಗಾದ್ರೆ ಇನ್ನೂ ಒಂದು ಗಂಟೆ ಜಾಸ್ತಿ ಆದ್ರೆ ಟಿಕೆಟ್ ತುಂಬಾ ಕಮ್ಮಿ. ಆಮೇಲೆ ಹ್ಯಾವ್‌ಲಾಕಿಂದ ಪಕ್ಕದ ನೀಲ್ ದ್ವೀಪಕ್ಕೆ ಒಂದು ಫೆರಿ, ನೀಲಿಂದ ವಾಪಸ್ ಒಂದು. ಏಸಿ ಫೆರಿ ಒಳಗೆ ಕಿಟಕಿ ತೆಗೆಯೋ ಹಾಗಿಲ್ಲ, ಡಿಸೆಂಬರಲ್ಲಿ ಅಲೆ ಇನ್ನೂ ಪೂರ್ತಿ ತಣ್ಣಗಾಗಿರಲ್ಲ, ನಮ್ಮ ಹಿಂದಿನ ಸಾಲಲ್ಲಿ ಮದುವೆ ಆಗಿ ವಾರ ಆಗಿದ್ದ ಜೋಡಿ ಒಂದೇ ಪ್ಲಾಸ್ಟಿಕ್ ಕವರ್ ಹಂಚ್ಕೊಂಡು ವಾಂತಿ ಮಾಡ್ತಾ ಇದ್ರು ಪಾಪ. ಅವೊಮಿನ್ ಮಾತ್ರೆ ಒಂದೆರಡು ಗಂಟೆ ಮುಂಚೆನೇ ನುಂಗಿ.

ಇನ್ನು ಸೂರ್ಯ. ಯಾರೂ ಇದನ್ನ ಸರಿಯಾಗಿ ಹೇಳಲ್ಲ. ಅಂಡಮಾನ್ ಇರೋದು ಮ್ಯಾನ್ಮಾರ್ ಪಕ್ಕ, ಗಡಿಯಾರ ಮಾತ್ರ ನಮ್ದೇ. ಹಾಗಾಗಿ ಡಿಸೆಂಬರಲ್ಲಿ ಸಾಯಂಕಾಲ ಐದಕ್ಕೆಲ್ಲಾ ಸೂರ್ಯ ಮುಳುಗಿ ಐದೂವರೆಗೆ ಕತ್ತಲು. ನೀವು ರಜೆ ಮೂಡಲ್ಲಿ ಒಂಬತ್ತಕ್ಕೆ ಎದ್ದು ಹತ್ತೂವರೆಗೆ ತಿಂಡಿ ತಿಂದು ಹೊರಟ್ರೆ ಅರ್ಧ ದಿನ ಹೋಯ್ತು ಅಂತಾನೇ ಅರ್ಥ. ಇವ್ರು ಮೊದಲೇ ಐದಕ್ಕೆ ಏಳೋ ಪಾರ್ಟಿ, ಖುಷಿಯಾಗಿಬಿಟ್ರು, ನಂಗೆ ಮಾತ್ರ ರಜೆಲೂ ಅಲಾರಂ ಇಟ್ಕೊಳ್ಳೋ ಕರ್ಮ. ಮಾಲ್ಡೀವ್ಸ್‌ದು ನಮಗಿಂತ ಅರ್ಧ ಗಂಟೆ ಹಿಂದಿರೋ ಗಡಿಯಾರ, ಆರು ಗಂಟೆವರೆಗೂ ಬೆಳಕು, ನಿಧಾನವಾಗಿ ಎದ್ದೂ ದಿನ ಉಳಿಯತ್ತೆ.

ಸಮುದ್ರದ ವಿಷಯಕ್ಕೆ ಬರೋಣ, ಹೋಗೋದೇ ಅದಕ್ಕಲ್ವಾ. ಬೀಚ್ ಅಂತ ನೋಡಿದ್ರೆ ಹ್ಯಾವ್‌ಲಾಕಿನ ರಾಧಾನಗರ ಬೀಚಿನ ಮುಂದೆ ಮಾಲ್ಡೀವ್ಸಲ್ಲಿ ನಾವು ನೋಡಿದ್ದು ಯಾವ್ದೂ ನಿಲ್ಲಲ್ಲ. 2004ರಲ್ಲಿ ಟೈಮ್ ಪತ್ರಿಕೆ ಅದನ್ನ ಏಷ್ಯಾದ ಬೆಸ್ಟ್ ಬೀಚ್ ಅಂತ ಕರೆದಿದ್ದನ್ನ ಅಲ್ಲಿ ಪ್ರತಿ ಡ್ರೈವರೂ ಹೇಳ್ತಾನೆ, ಕೇಳಿ ಕೇಳಿ ಸಾಕಾಗತ್ತೆ, ಆದ್ರೆ ಹೋಗಿ ನಿಂತ ಮೇಲೆ ಒಪ್ಕೋಬೇಕು. ಹಿಂದೆ ಆಕಾಶಕ್ಕೆ ಹೋಗಿರೋ ಕಾಡುಮರಗಳು, ಮುಂದೆ ಹಿಟ್ಟಿನ ಥರ ಮರಳು, ಎರಡರ ಮಧ್ಯೆ ಒಂದು ಹೋಟ್ಲೂ ಇಲ್ಲ. ಕ್ರಿಸ್ಮಸ್ ಸಮಯ ಜನ ಜಾಸ್ತಿನೇ, ಆದ್ರೆ ಎಡಗಡೆಗೋ ಬಲಗಡೆಗೋ ಹತ್ತು ನಿಮಿಷ ನಡೆದ್ರೆ ಇಬ್ಬರೇ. ಮೊಸಳೆ ಎಚ್ಚರಿಕೆ ಬೋರ್ಡ್ ಇರೋ ಕಡೆ ಮಾತ್ರ ಹೀರೋಗಿರಿ ಬೇಡ, 2010ರಲ್ಲಿ ಅಲ್ಲಿ ಒಂದು ಜೀವ ಹೋಗಿದೆ. ನಮ್ಮ ರೂಮ್ ಇದ್ದ ಪೂರ್ವದ ಕಡೆ ಬೀಚ್ ಬೇರೆ ಥರ, ಇಳಿತ ಬಂದಾಗ ಸಮುದ್ರ ಅಷ್ಟು ದೂರ ಹೋಗಿಬಿಡತ್ತೆ, ಬರೀ ಕಲ್ಲು ಕೊರಕಲು, ಈಜೋಕಾಗಲ್ಲ. ಆ ಹೊತ್ತಲ್ಲಿ ಒದ್ದೆ ಮರಳಿನ ಮೇಲೆ ಕಡಲೆಗಿಂತ ಚಿಕ್ಕ ಏಡಿಗಳು ಕಾಳು ಕಾಳಾಗಿ ಮರಳಿನ ಉಂಡೆ ಕಟ್ಟಿ ಕಟ್ಟಿ ಬಿಲದ ಸುತ್ತ ಸಾಲಾಗಿ ಇಡ್ತಾವೆ, ಕಾಲಿಟ್ರೆ ಸರ್ ಅಂತ ಮಾಯ, ಅಲ್ಲಾಡದೆ ನಿಂತ್ರೆ ಒಂದೊಂದೇ ವಾಪಸ್ ಬಂದು ಬಿಟ್ಟ ಕೆಲಸ ಮುಂದುವರೆಸ್ತಾವೆ. ಇವ್ರು ಅದನ್ನೇ ನೋಡ್ಕೊಂಡು ತಿಂಡಿ ಮರೆತ್ರು.

ಆದ್ರೆ ನೀರೊಳಗೆ ನೋಡೋದು ಅಂತ ಬಂದ್ರೆ ಮಾತು ಉಲ್ಟಾ. ಹ್ಯಾವ್‌ಲಾಕಲ್ಲಿ ಎಲ್ಲರೂ ಹೋಗೋದು ಎಲಿಫೆಂಟ್ ಬೀಚಿಗೆ. ಬೋಟಲ್ಲಿ ಹೋಗಬೇಕು, ಇಲ್ಲಾ ಕಾಡಲ್ಲಿ ನಡೀಬೇಕು. ದಡದಲ್ಲಿ 2004ರ ಸುನಾಮಿಗೆ ಸತ್ತ ಮರಗಳ ಬೊಡ್ಡೆ ಬೂದಿ ಬಣ್ಣಕ್ಕೆ ತಿರುಗಿ ಬಿದ್ದಿವೆ. ನಂಬರ್ ಬರೋವರೆಗೆ ಕಾದು, ಟ್ಯೂಬ್ ಹಿಡ್ಕೊಂಡು, ಗೈಡ್ ಹಗ್ಗದಲ್ಲಿ ಎಳ್ಕೊಂಡು ಹೋಗಿ ಒಂದು ರೌಂಡ್ ತೋರಿಸಿ ವಾಪಸ್ ಬಿಡ್ತಾನೆ, ಇನ್ನೂ ಕಣ್ಣು ಹೊಂದ್ಕೊಳ್ಳೋದ್ರಲ್ಲಿ ಮುಗ್ದೇ ಹೋಗತ್ತೆ. ಹ್ಯಾವ್‌ಲಾಕಲ್ಲಿ ದುಡ್ಡು ಹಾಕೋದಾದ್ರೆ ಸ್ಕೂಬಾಗೆ ಹಾಕಿ, ಈಜು ಬರದೇ ಇರೋರನ್ನೂ ಇನ್‌ಸ್ಟ್ರಕ್ಟರ್ ಸಿಲಿಂಡರ್ ಹಿಡಿದು ಕೂಸಿನ ಹಾಗೆ ಕರ್ಕೊಂಡು ಹೋಗ್ತಾರೆ. ನಾನು ಮಾಡ್ದೆ, ಇವ್ರು ದಡದಲ್ಲಿ ಎಳನೀರು ಕುಡಿದ್ರು.

ಮಾಲ್ಡೀವ್ಸಲ್ಲಿ ಮಾಫುಶಿ ಆದ್ಮೇಲೆ ನಾವು ಉಂಗುರದ ಥರ ಹರಡಿರೋ ದ್ವೀಪಗಳ ಗುಂಪಾದ ದಕ್ಷಿಣ ಆರಿ ಅಟಾಲ್‌ನ ದಿಗುರಾ ಅನ್ನೋ ದ್ವೀಪಕ್ಕೆ ಹೋದ್ವಿ, ಮಾಲೆಯಿಂದ ಸ್ಪೀಡ್‌ಬೋಟಲ್ಲಿ ಎರಡು ಗಂಟೆ ಹತ್ರ. ಉದ್ದಕ್ಕೆ ಸಣ್ಣಗೆ ಚಾಚಿರೋ ದ್ವೀಪ, ತುದಿಯಲ್ಲಿ ಬಿಳೀ ಮರಳು ದಂಡೆ. ಅಲ್ಲಿ ಸಮುದ್ರ ಒಳಗೆ ಸೊಂಟದವರೆಗೆ ಬರೋ ನೀರಲ್ಲಿ ಎಷ್ಟೋ ದೂರ ನಡೀಬಹುದು, ಅಲೆನೇ ಇಲ್ಲ, ಹಾಗಾಗಿ ಈ ಮನುಷ್ಯ ಹುಟ್ಟಿದ ಮೇಲೆ ಮೊದಲ ಸಲ ಮುಖ ನೀರಲ್ಲಿಟ್ರು. ಮಾರನೇ ದಿನ ಲೈಫ್ ಜಾಕೆಟ್ ಹಾಕ್ಕೊಂಡು ಗೈಡ್ ಕೈ ಹಿಡ್ಕೊಂಡು ರೀಫ್ (ಹವಳದ ದಿಬ್ಬ) ಮೇಲೆ ತೇಲಿದ್ರು. ನೀರೊಳಗೆ ಮೌನ ಅಂದ್ಕೊಂಡಿದ್ವಿ, ಆದ್ರೆ ಕಿವಿ ಮುಳುಗಿದ್ರೆ ಸಾಕು ಕಟ್ ಕಟ್ ಕಟ್ ಅಂತ ಯಾರೋ ಕಲ್ಲುಸಕ್ಕರೆ ಕಡಿಯೋ ಶಬ್ದ, ನೋಡಿದ್ರೆ ಹಸಿರು ನೀಲಿ ಗಿಳಿಮೀನುಗಳು ಹವಳದ ಕಲ್ಲನ್ನ ಹಲ್ಲಲ್ಲೇ ಕೆರೀತಾ ಇವೆ, ಹಿಂದಿಂದ ಪುಡಿ ಮರಳಾಗಿ ಉದುರ್ತಾ ಇದೆ. ಆ ಬಿಳೀ ಬೀಚ್ ಮರಳಿನ ಒಂದು ಪಾಲು ಹೀಗೇ ತಯಾರಾಗೋದಂತೆ, ಗೈಡ್ ಹೇಳಿದಾಗ ಇವ್ರು ಕಾಲಿಗೆ ಅಂಟಿದ್ದ ಮರಳನ್ನ ಬೇರೆನೇ ಥರ ನೋಡಿದ್ರು. ಹವಳ ಮಾತ್ರ ಪೋಸ್ಟರ್ ಥರ ಬಣ್ಣ ಬಣ್ಣ ಇರತ್ತೆ ಅಂತ ಆಸೆ ಇಟ್ಕೊಂಡು ಹೋಗ್ಬೇಡಿ, 1998 ಮತ್ತೆ 2016ರಲ್ಲಿ ನೀರು ಬಿಸಿಯಾಗಿ ಎಷ್ಟೋ ಹವಳ ಬಿಳಿಚ್ಕೊಂಡು ಸತ್ತಿದೆ, ಈಗ ಕಾಣೋದು ಹೆಚ್ಚಾಗಿ ಕಂದು. ಮೀನಿಗೆ ಮಾತ್ರ ಬರ ಇಲ್ಲ. ವೇಲ್ ಶಾರ್ಕ್ ಟ್ರಿಪ್ಪಿಗೂ ಹೋಗಿದ್ವಿ, ಅದೊಂದು ಜಾತ್ರೆ, ಒಂದು ಬಡಪಾಯಿ ಮೀನಿನ ಹಿಂದೆ ಏಳೆಂಟು ದೋಣಿ. ಮತ್ತೆ ಹೋಗಲ್ಲ.

ಮಾಫುಶಿ ಬಗ್ಗೆ ಒಂದ್ ಮಾತು. ಅಗ್ಗ, ಹತ್ರ, ಆದ್ರೆ ಗಿಜಿಗಿಜಿ, ಗೆಸ್ಟ್‌ಹೌಸ್ ಪಕ್ಕ ಗೆಸ್ಟ್‌ಹೌಸ್, ಬಿಕಿನಿ ಬೀಚ್ ಅಂತ ಬೇಲಿ ಹಾಕಿರೋ ಒಂದು ತುಂಡು ಜಾಗ. ದೇಶದ ದೊಡ್ಡ ಜೈಲೂ ಆ ದ್ವೀಪದಲ್ಲೇ ಇದೆ. ಪೋರ್ಟ್ ಬ್ಲೇರಲ್ಲಿ ಸೆಲ್ಯುಲಾರ್ ಜೈಲ್, ಇಲ್ಲಿ ಮಾಫುಶಿ ಜೈಲ್, ನಮ್ಮ ಹನಿಮೂನ್ ಜಾಗಗಳಿಗೆಲ್ಲಾ ಜೈಲೇ ಗಂಟುಬಿದ್ದಿದೆ ಅಂತ ಇವ್ರ ಜೋಕು. ಸೆಲ್ಯುಲಾರ್ ಜೈಲ್ ಮಾತ್ರ ಬಿಡ್ಬೇಡಿ, 1906ರಲ್ಲಿ ಕಟ್ಟಿ ಮುಗಿಸಿದ್ದು, ಏಳು ಸಾಲಲ್ಲಿ ಮೂರು ಉಳಿದಿವೆ, ಒಂದು ಕೋಣೆ ಒಳಗೆ ಹೋಗಿ ಬಾಗಿಲ ಚಿಲಕ ಎಲ್ಲಿದೆ ನೋಡಿ, ಒಳಗಿಂದ ಕೈಗೆ ಸಿಗದ ಹಾಗೆ ಗೋಡೆ ಒಳಕ್ಕೆ ಕೂರಿಸಿದ್ದಾರೆ.

ಊಟ. ಹ್ಯಾವ್‌ಲಾಕಲ್ಲಿ ಇರೋರು ಹೆಚ್ಚಿನವ್ರು ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬದವ್ರು, ಊರ ಹೆಸರೆಲ್ಲಾ ಗೋವಿಂದನಗರ, ಶ್ಯಾಮನಗರ, ವಿಜಯನಗರ. ಬಜಾರಲ್ಲಿ ಅನ್ನ, ಬೇಳೆ, ಬದನೆ ಫ್ರೈ, ಎರಡು ಪಲ್ಯ ಇರೋ ವೆಜ್ ಥಾಲಿ ಆರಾಮಾಗಿ ಸಿಗತ್ತೆ, ದೋಸೆನೂ ಸಿಗತ್ತೆ (ಚಟ್ನಿ ಬಗ್ಗೆ ಮಾತಾಡಲ್ಲ). ಮಾಲ್ಡೀವ್ಸಲ್ಲಿ ಮೀನು ಇಲ್ದೇ ಇರೋ ತಿಂಡಿ ಹುಡುಕೋದೇ ಕಷ್ಟ, ಬೋಂಡದ ಥರ ಕಾಣೋದ್ರ ಒಳಗೂ ಟ್ಯೂನ. ಬೆಳಿಗ್ಗೆ ಅವರು ತಿನ್ನೋದು ಮಸ್ ಹುನಿ, ಅಂದ್ರೆ ಟ್ಯೂನ, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಎಲ್ಲಾ ಕಿವುಚಿದ್ದು, ಜೊತೆಗೆ ರೋಶಿ ಅನ್ನೋ ಚಪಾತಿ. ಮೀನು ಬಿಟ್ಟು ಮಾಡ್ಕೊಡಪ್ಪಾ ಅಂದ್ವಿ, ಅಡುಗೆ ಹುಡುಗ ನಮ್ಮನ್ನ ಅಯ್ಯೋ ಪಾಪ ಅನ್ನೋ ಥರ ನೋಡಿ ಮಾಡ್ಕೊಟ್ಟ. ಚೆನ್ನಾಗಿತ್ತು, ದಿನಾ ಅದೇ. ತರಕಾರಿ ಹಣ್ಣು ಹೆಚ್ಚುಕಮ್ಮಿ ಎಲ್ಲಾ ಹೊರಗಿಂದ ಬರೋದ್ರಿಂದ ರಾತ್ರಿ ಊಟಕ್ಕೆ ಬಿಲ್ ನೋಡಿದ್ರೆ ಹಸಿವು ಹೋಗತ್ತೆ. ಚಟ್ನಿಪುಡಿ, ಅವಲಕ್ಕಿ ತಗೊಂಡು ಹೋಗಿ, ನಾಚ್ಕೋಬೇಡಿ.

ಇಬ್ಬರೇ ಇರೋಕೆ ಯಾವ್ದು ಚೆಂದ ಅಂತ ಕೇಳಿದ್ರೆ ನಾನು ಹ್ಯಾವ್‌ಲಾಕ್ ಅಂತೀನಿ, ಕಾರಣ ಸ್ಕೂಟರ್. ದಿನಕ್ಕೆ ಐನೂರರ ಆಸುಪಾಸು ಕೊಟ್ರೆ ಸಿಗತ್ತೆ, ಜೆಟ್ಟಿಯಿಂದ ರಾಧಾನಗರಕ್ಕೆ ಹನ್ನೆರಡು ಕಿಲೋಮೀಟರ್ ಏರಿಳಿತದ ರಸ್ತೆ, ಆ ಕಡೆ ಗದ್ದೆ ಈ ಕಡೆ ಅಡಿಕೆ ತೋಟ. ತೋಟ ಕಂಡಿದ್ದೇ ಇವ್ರು ಗಾಡಿ ನಿಲ್ಸಿ, ತೋಟದವ್ರನ್ನ ಹರಕು ಮುರುಕು ಹಿಂದಿಲಿ ಇಲ್ಲಿ ಕೊಳೆರೋಗ ಬರತ್ತಾ, ಔಷಧಿ ಎಷ್ಟು ಸಲ ಹೊಡೀತೀರಾ ಅಂತ ವಿಚಾರಿಸೋಕೆ ನಿಂತ್ರು, ಅಲ್ಲಿಗೆ ಸನ್‌ಸೆಟ್ ಮುಗೀತು. ಆದ್ರೂ ಎಲ್ಲಿ ಬೇಕಾದ್ರೂ ನಿಲ್ಲೋ ಆ ಸ್ವಾತಂತ್ರ್ಯ ಮಾಲ್ಡೀವ್ಸಲ್ಲಿಲ್ಲ, ಅರ್ಧ ದಿನದಲ್ಲಿ ದ್ವೀಪ ಸುತ್ತಿ ಮುಗಿಯತ್ತೆ, ಆಮೇಲೆ ಎಲ್ಲಿಗೆ ಹೋಗ್ಬೇಕಂದ್ರೂ ಡಾಲರ್ ಕೊಟ್ಟು ದೋಣಿ. ಅದು ಸುಮ್ನೆ ಕೂತು ಪುಸ್ತಕ ಓದೋ ಜೋಡಿಗೆ ಸರಿ. ದಿಗುರಾದಲ್ಲಿ ಹಗ್ಗ ಹೆಣೆದ ಕುರ್ಚಿಗಳನ್ನ ಬೀದಿ ಬದೀಲಿ ಹಾಕಿರ್ತಾರೆ, ಅಜ್ಜಿಯರು ಎಲೆ ಅಡಿಕೆ ಹಾಕ್ಕೊಂಡು ಕೂತಿರ್ತಾರೆ, ನಾವೂ ಕೂತ್ವಿ. ಬಟ್ಟೆ ವಿಷಯ: ಊರೊಳಗೆ ಭುಜ ಮಂಡಿ ಮುಚ್ಚಿರಬೇಕು, ನಂಗೆ ಚೂಡಿದಾರೇ ಇದ್ದಿದ್ರಿಂದ ತಲೆನೋವಿಲ್ಲ. ಡ್ರಿಂಕ್ಸ್ ಲೋಕಲ್ ದ್ವೀಪಗಳಲ್ಲಿ ಪೂರ್ತಿ ಬಂದ್, ಡ್ಯೂಟಿ ಫ್ರೀ ಬಾಟಲಿ ಕಸ್ಟಮ್ಸಲ್ಲೇ ಇಟ್ಕೋತಾರೆ.

ದುಡ್ಡು: ಇಬ್ಬರಿಗೆ ಎರಡೂ ಕಡೆ ಹತ್ತಿರ ಹತ್ತಿರ ಒಂದೇ ಮೊತ್ತ ಆಯ್ತು, ಆದ್ರೆ ಅದೇ ದುಡ್ಡಿಗೆ ಅಂಡಮಾನಲ್ಲಿ ಜಾಸ್ತಿ ದಿನ ಇದ್ವಿ. ಮಾಲ್ಡೀವ್ಸ್ ರೂಮ್ ರೇಟ್ ಪಕ್ಕ ಎರಡು ಪ್ಲಸ್ ಗುರುತು ಇದ್ರೆ ಎಚ್ಚರ, ಸರ್ವಿಸ್ ಚಾರ್ಜ್ 10 ಪರ್ಸೆಂಟ್, 2025ರ ಜುಲೈಯಿಂದ ಟೂರಿಸಂ ಜಿಎಸ್‌ಟಿ 17 ಪರ್ಸೆಂಟ್, ಅದರ ಮೇಲೆ ಸಣ್ಣ ಗೆಸ್ಟ್‌ಹೌಸಲ್ಲಿ ಒಬ್ಬರಿಗೆ ದಿನಕ್ಕೆ 6 ಡಾಲರ್ ಗ್ರೀನ್ ಟ್ಯಾಕ್ಸ್. ಕ್ರಿಸ್ಮಸ್ ಇಂದ ಜನವರಿ ಮೊದಲ ವಾರದವರೆಗೆ ಎರಡೂ ಕಡೆ ಕೈ ಸುಡತ್ತೆ, ಹೋಗೋದಾದ್ರೆ ಸಂಕ್ರಾಂತಿ ಆದ್ಮೇಲೆ ಹೋಗಿ, ಸಮುದ್ರನೂ ಆಗ್ಲೇ ಶಾಂತ.

ವಾಪಸ್ ಬರೋ ದಿನದ್ದು ಇನ್ನೊಂದು. ಮಾಲ್ಡೀವ್ಸಲ್ಲಿ ಶುಕ್ರವಾರ ಸರ್ಕಾರಿ ಫೆರಿ ಹೆಚ್ಚಾಗಿ ಇರಲ್ಲ, ಸ್ಪೀಡ್‌ಬೋಟ್ ಕೇಳಿಟ್ಕೊಳ್ಳಿ, ಅದು ಬಿಟ್ರೆ ಮಧ್ಯಾಹ್ನದ ಫ್ಲೈಟಿಗೆ ಬೆಳಿಗ್ಗೆ ತಿಂಡಿ ತಿಂದು ಹೊರಟ್ರೂ ನಡೆಯತ್ತೆ. ಅಂಡಮಾನಲ್ಲಿ ಆ ಧೈರ್ಯ ಮಾಡ್ಬೇಡಿ, ಡಿಸೆಂಬರಲ್ಲಿ ಬಂಗಾಳ ಕೊಲ್ಲಿಲಿ ವಾಯುಭಾರ ಕುಸಿತ ಅಂದ್ರೆ ಫೆರಿ ನಿಂತೇ ಹೋಗತ್ತೆ, 2016ರ ಡಿಸೆಂಬರಲ್ಲಿ ಸಾವಿರಕ್ಕೂ ಮೇಲೆ ಪ್ರವಾಸಿಗರು ಹ್ಯಾವ್‌ಲಾಕ್ ನೀಲ್‌ಗಳಲ್ಲಿ ಸಿಕ್ಕಿಹಾಕ್ಕೊಂಡು ನೌಕಾಪಡೆ ಹಡಗು ಹೋಗಿ ಕರ್ಕೊಂಡು ಬಂದಿದ್ದು ನೆನಪಿರಬಹುದು. ಕೊನೇ ರಾತ್ರಿ ಪೋರ್ಟ್ ಬ್ಲೇರಲ್ಲೇ ರೂಮ್ ಮಾಡಿ, ಜೈಲ್ ನೋಡೋದನ್ನ ಆ ದಿನಕ್ಕೇ ಇಟ್ಕೊಳ್ಳಿ.