ಬ್ಲೂಟೂತ್ ಒಬಿಡಿ ಸ್ಕ್ಯಾನರ್: ಮೂರು ವರ್ಷ ಬಳಸಿದ ಮೇಲೆ

ಒಬಿಡಿ ಸ್ಕ್ಯಾನರ್ ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದಿ ಫೋನಿಗೆ ಕಳಿಸುವ ಪುಟ್ಟ ಸಾಧನ. ನನ್ನದು 2013ರ ಪೆಟ್ರೋಲ್ ಕಾರು. 1,28,000 ಕಿ.ಮೀ. ಓಡಿದೆ. ಮೂರು ವರ್ಷದ ಹಿಂದೆ ಮಂಗಳೂರಿನಿಂದ ಹಾಸನಕ್ಕೆ ಬರುವಾಗ ಶಿರಾಡಿ ಘಾಟಿಯಲ್ಲಿ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಶುರುವಾಯಿತು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಜಗ್ಗಿ ಜಗ್ಗಿ ಹತ್ತುತ್ತಿತ್ತು. ಚೆಕ್ ಎಂಜಿನ್ ದೀಪ ಮಿಣುಕುತ್ತಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ, ಹೊರಗೆ ಜೋರು ಮಳೆ. ನಿಜವಾಗಿಯೂ ಹೆದರಿದ್ದೆ. ಸಕಲೇಶಪುರ ದಾಟಿದ ಮೇಲೆ ಏನೂ ಆಗಿಲ್ಲವೆಂಬಂತೆ ಓಡಿತು.

ಗ್ಯಾರೇಜಿನಲ್ಲಿ ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಆಮೇಲೆ ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್. ಆರು ಸಾವಿರ ಖರ್ಚಾಯಿತು. ಮುಂದಿನ ಸಲ ಘಾಟಿ ಹತ್ತಿದಾಗ ಮತ್ತೆ ಅದೇ ಮಿಸ್ಸಿಂಗ್. ಸುಮ್ನೆ ಊಹೆಯ ಮೇಲೆ ದುಡ್ಡು ಹಾಕುವುದು ಸಾಕು ಅನ್ನಿಸಿ, ಆನ್‌ಲೈನಿನಲ್ಲಿ 950 ರೂಪಾಯಿಗೆ ಈ ಸ್ಕ್ಯಾನರ್ ತರಿಸಿದೆ. ಇಎಲ್‌ಎಂ327 ಅಂತ ಮಾರುತ್ತಾರಲ್ಲ, ಆ ಬಗೆಯದು.

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅಲ್ಲಿ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಫೋನಿನ ಆ್ಯಪ್ ತೆರೆದರೆ ಆಯಿತು. ಬಂದ ಕೋಡ್ ಪಿ0302, ಮಿಸ್ಸಿಂಗಿನದು. ಕೊನೆಯ ಅಂಕಿಯೇ ಸಿಲಿಂಡರ್ ನಂಬರ್, ಅಂದರೆ ತೊಂದರೆ ಎರಡನೆಯದರಲ್ಲಿ. (ಪಿ0300 ಬಂದರೆ ಒಂದೇ ಸಿಲಿಂಡರ್ ಅಂತ ಹೇಳಲಾಗದು.) ಕೋಡಿಗಿಂತ ನನಗೆ ಜಾಸ್ತಿ ನೆರವಾದದ್ದು ಫ್ರೀಜ್ ಫ್ರೇಮ್. ದೀಪ ಹೊತ್ತಿದ ಗಳಿಗೆಯಲ್ಲಿ ಎಂಜಿನ್ ಹೇಗಿತ್ತು ಅಂತ ಅದು ಹಿಡಿದಿಟ್ಟಿರುತ್ತದೆ. 2,350 ಆರ್‌ಪಿಎಂ, ಲೋಡ್ (ಎಂಜಿನ್ ಮೇಲಿನ ಹೊರೆ) ಶೇ. 86, ಎಂಜಿನ್ ಬಿಸಿ 91 ಡಿಗ್ರಿ. ಅಂದರೆ ಹೊರೆ ಬಿದ್ದಾಗ ತೊಂದರೆ. ಗಾಳಿ ಎಲ್ಲೋ ಸೋರುತ್ತಿದ್ದರೆ ಐಡ್ಲಿಂಗಿನಲ್ಲೇ ಹೆಚ್ಚು ಕಾಣಬೇಕಿತ್ತು, ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ಕೂಡ ಏರಬೇಕಿತ್ತು. ಟ್ರಿಮ್ ಶೇ. 3ರ ಆಸುಪಾಸಿನಲ್ಲೇ ಇತ್ತು. ಹಾಗಾಗಿ ಕಿಡಿಯ ಮೇಲೆ ಅನುಮಾನ ಬಂತು.

ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಕಾಯಿಲ್ ಪ್ರತಿ ಸಿಲಿಂಡರಿಗೂ ಒಂದೊಂದಿದೆ. ಎರಡನೇ ಸಿಲಿಂಡರಿನ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿದೆ. ಬೇಕಾದದ್ದು ಒಂದು 10ರ ಸ್ಪ್ಯಾನರ್ ಅಷ್ಟೇ. ಮತ್ತೆ ಘಾಟಿಗೆ ಹೋದೆ. ಈ ಸಲ ಪಿ0303! ಕೋಡ್ ಕಾಯಿಲಿನ ಜೊತೆಗೇ ಹೋಗಿತ್ತು. ಆ ದಿನದ ಖುಷಿ ಇನ್ನೂ ನೆನಪಿದೆ. ಮೂರರ ಕಾಯಿಲನ್ನು ವಾಪಸ್ ಮೂರಕ್ಕೇ ಹಾಕಿ, 2,200 ರೂಪಾಯಿಗೆ ಹೊಸ ಕಾಯಿಲ್ ತಂದು ಎರಡಕ್ಕೆ ಹಾಕಿದೆ.

ನಾಲ್ಕೇ ತಿಂಗಳು. ಮತ್ತೆ ಪಿ0302.

ಹೊಸ ಕಾಯಿಲ್ ಇಷ್ಟು ಬೇಗ ಹೋಗುತ್ತದಾ? ಹೊರಗೆ ಎಳೆದು ನೋಡಿದರೆ ಕೆಳಗಿನ ರಬ್ಬರೆಲ್ಲ ಎಣ್ಣೆ, ಪ್ಲಗ್ ಕೂರುವ ಗುಂಡಿಯಲ್ಲೂ ಎಂಜಿನ್ ಆಯಿಲ್. ಮೊದಲ ಸಲ ಬಿಚ್ಚಿದಾಗಲೂ ಸ್ವಲ್ಪ ಪಸೆ ಕಂಡಿತ್ತು, ಹಳೆಯ ಗಾಡಿ ಅಂತ ಒರೆಸಿಬಿಟ್ಟಿದ್ದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ (ಎಂಜಿನ್ ಮೇಲಿನ ಮುಚ್ಚಳದಿಂದ ಎಣ್ಣೆ ಸೋರದಂತೆ ತಡೆಯುವ ರಬ್ಬರ್) ವಯಸ್ಸಾಗಿ ಗಡುಸಾಗಿತ್ತು. ಸೋರಿದ ಎಣ್ಣೆ ಕಾಯಿಲಿನ ರಬ್ಬರನ್ನು ಮೆತ್ತಗೆ ಮಾಡಿತ್ತು. ಘಾಟಿಯಲ್ಲೇ ಯಾಕೆ ಮಿಸ್ಸಿಂಗ್ ಅನ್ನುವುದೂ ಆಗ ಅರ್ಥವಾಯಿತು. ಲೋಡ್ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ. ಪ್ಲಗ್ಗಿನ ಸಂದು ಹಾರುವುದು ಕಿಡಿಗೆ ಕಷ್ಟವಾಗುತ್ತದೆ, ಕೆಟ್ಟ ರಬ್ಬರಿನ ಮೂಲಕ ಪಕ್ಕಕ್ಕೆ ಜಿಗಿಯುತ್ತದೆ. ಪ್ಯಾಕಿಂಗ್, ಪ್ಲಗ್ ಟ್ಯೂಬ್ ಸೀಲ್, ಒಂದು ಕಾಯಿಲ್ ರಬ್ಬರ್, ಕೂಲಿ ಸೇರಿ 1,700 ರೂಪಾಯಿ. ಎರಡು ವರ್ಷ ಕಳೆದಿದೆ, ಆ ಕೋಡ್ ಮತ್ತೆ ಬಂದಿಲ್ಲ.

ಕೊಳ್ಳುವವರಿಗೆ ಕೆಲವು ಮಾತು. ಇದು ಯಾವ ಸಿಲಿಂಡರ್ ಅಂತ ಹೇಳುತ್ತದೆ, ಯಾವ ಪಾರ್ಟ್ ಅಂತ ಹೇಳುವುದಿಲ್ಲ. ನನ್ನ ಕಾರಿನ ಎಬಿಎಸ್, ಏರ್‌ಬ್ಯಾಗ್ ಕೋಡ್‌ಗಳನ್ನು ಓದುವುದಿಲ್ಲ. ನನ್ನದು ಆಂಡ್ರಾಯ್ಡ್ ಫೋನಿಗೆ ಸೇರಿತು, ತಂಗಿಯ ಐಫೋನಿಗೆ ಸೇರಲಿಲ್ಲ. ಸಾಕೆಟ್ಟಿನಲ್ಲೇ ಬಿಟ್ಟು ಹತ್ತು ದಿನ ಊರಿಗೆ ಹೋಗಿದ್ದೆ, ಬಂದಾಗ ಬ್ಯಾಟರಿ ಇಳಿದಿತ್ತು. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ, ಅದೂ ಜೊತೆಗೇ ಅಳಿಸಿಹೋಗುತ್ತದೆ. ಚೆಕ್ ಎಂಜಿನ್ ದೀಪ ಮಿಣುಕಿದರೆ ದಯವಿಟ್ಟು ಗಾಡಿಯನ್ನು ಹಾಗೇ ಓಡಿಸುತ್ತಾ ಹೋಗಬೇಡಿ. ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಟ್ಟುಹಾಕುತ್ತದೆ. ಅದರ ಬೆಲೆ ಕೇಳಿದರೆ ಕಾಯಿಲ್ ಏನೂ ಅಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆಗಾಗ ಬ್ಲೂಟೂತ್ ಕಡಿದುಹೋಗುವುದಕ್ಕೆ. ಈಗ ಪ್ರತಿ ಸಲ ಆಯಿಲ್ ಬದಲಾಯಿಸುವಾಗ ನಾಲ್ಕೂ ಕಾಯಿಲ್ ಎತ್ತಿ, ಟಾರ್ಚ್ ಹಾಕಿ ಗುಂಡಿಯೊಳಗೆ ನೋಡುತ್ತೇನೆ. ಹೋದ ತಿಂಗಳು ನೋಡಿದಾಗ ನಾಲ್ಕೂ ಒಣಗಿದ್ದವು.