‘ಇದೊಂದ್ ಸೇರಿಸ್ಬುಡಿ ಸ್ವಾಮಿ’: ಸಾಫ್ಟ್‌ವೇರ್ ಕೆಲಸ ಹಿಡಿಯುವವರಿಗೆ ಒಂದು ಎಚ್ಚರಿಕೆ

ಮೈಸೂರಿನಲ್ಲಿ ನನ್ನದೊಂದು ಸಣ್ಣ ಸಾಫ್ಟ್‌ವೇರ್ ಆಫೀಸು. ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ನಾವು ನಾಲ್ಕು ಜನ. 2022ರ ಜೂನ್‌ನಲ್ಲಿ ಮಂಡ್ಯದ ಒಂದು ಬೆಲ್ಲದ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡಲು ಒಪ್ಪಿಕೊಂಡೆ. ನಾಲ್ಕು ತಿಂಗಳು, ನಾಲ್ಕೂವರೆ ಲಕ್ಷ ರೂಪಾಯಿ. ಆ ವರ್ಷದ ಆಯುಧ ಪೂಜೆ ದಿನ ಕಂಪ್ಯೂಟರಿಗೆ ಕುಂಕುಮ ಇಟ್ಟು ಶುರು ಮಾಡುವುದು ಅಂತ ಮಾತಾಗಿತ್ತು. ಶುರುವಾದದ್ದು ಮುಂದಿನ ವರ್ಷದ ಜುಲೈನಲ್ಲಿ, ಅದೂ ಆಷಾಢದಲ್ಲಿ. ಒಂಬತ್ತು ದಿನ ಓಡಿ ನಿಂತಿತು. ನನ್ನ ಕೈಗೆ ಬಂದದ್ದು 3,15,000 ರೂಪಾಯಿ. ಖರ್ಚಾದದ್ದು ಅದರ ಎರಡೂವರೆ ಪಟ್ಟು. ಕಾರಣ, ಒಪ್ಪಂದದಲ್ಲಿಲ್ಲದ ಕೆಲಸಗಳನ್ನು ‘ಇದೊಂದು, ಇದೊಂದು’ ಅಂತ ಸೇರಿಸುತ್ತಾ ಹೋದದ್ದು.

ಮಂಡಿಯ ಯಜಮಾನರು ಮೋಸಗಾರರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಳ್ಳೆ ಮನುಷ್ಯ. ಹೋದಾಗಲೆಲ್ಲ ಊಟ ಮಾಡಿಸದೆ ಕಳಿಸಿದವರಲ್ಲ. ತೊಂದರೆ ಶುರುವಾದದ್ದೇ ಅಲ್ಲಿ ಅನ್ನಿಸುತ್ತೆ. ಮುದ್ದೆ ಉಣ್ಣಿಸಿದವರ ಎದುರು ‘ಆಗಲ್ಲ’ ಅನ್ನೋಕೆ ಬಾಯಿ ಬರಲ್ಲ.

ಒಪ್ಪಂದ ಎರಡು ಹಾಳೆ. ಮೂರು ಕೆಲಸ. ಒಂದು, ಬೆಲ್ಲ ತಂದ ರೈತರಿಗೆ ಬಿಕರಿ ಪಟ್ಟಿ: ಎಷ್ಟು ಚೀಲ, ಎಷ್ಟು ತೂಕ, ಯಾವ ರೇಟು, ಕೈಗೆಷ್ಟು. ಎರಡು, ಕೊಂಡ ವ್ಯಾಪಾರಿಗೆ ಬಿಲ್ಲು. ಮೂರು, ಆಲೆಮನೆಯವರಿಗೆ ಕೊಟ್ಟ ಮುಂಗಡದ ಲೆಕ್ಕ. ಏನು ಮಾಡಿಕೊಡ್ತೀವಿ ಅಂತ ಅಚ್ಚುಕಟ್ಟಾಗಿ ಬರೆದಿದ್ದೆ. ಏನೇನು ಮಾಡಲ್ಲ ಅಂತ ಒಂದು ಸಾಲೂ ಬರೆದಿರಲಿಲ್ಲ. ಬದಲಾವಣೆ ಬೇಕಾದರೆ ಯಾರು ಕೇಳಬೇಕು, ಅದಕ್ಕೆ ದುಡ್ಡೆಷ್ಟು, ದಿನ ಎಷ್ಟು ಅನ್ನುವುದೂ ಇರಲಿಲ್ಲ.

ಮೂರನೇ ವಾರ ಯಜಮಾನರ ಫೋನು. ‘ರೈತರಿಗೆ ಪಟ್ಟಿ ವಾಟ್ಸ್‌ಆ್ಯಪಿಗೇ ಹೋಗೋ ಹಂಗ್ ಮಾಡ್ಬುಡಿ. ಇದೊಂದ್ ಸೇರಿಸ್ಬುಡಿ ಸ್ವಾಮಿ.’ ಅರ್ಧ ದಿನದ ಕೆಲಸ ಅಲ್ವಾ ಅಂದುಕೊಂಡು ‘ಅದಕ್ಕೇನಂತೆ ಅಣ್ಣ’ ಅಂದೆ. ಆ ಒಂದು ಮಾತಿಗೆ ನನ್ನ ನಾಲಗೆ ಕಚ್ಚಿಕೊಳ್ಳಬೇಕಿತ್ತು. ಪಟ್ಟಿ ತಾನಾಗಿಯೇ ಹೋಗಬೇಕಾದರೆ ವಾಟ್ಸ್‌ಆ್ಯಪಿನ ಬಿಸಿನೆಸ್ ಖಾತೆ ಬೇಕು, ಸಂದೇಶದ ನಮೂನೆಗೆ ಮೊದಲೇ ಒಪ್ಪಿಗೆ ಪಡೆಯಬೇಕು, ಕಳಿಸುವುದಕ್ಕೆ ದುಡ್ಡು ಕಟ್ಟಬೇಕು. ಆ ದುಡ್ಡು ಯಾರು ಕಟ್ಟುವುದು ಅಂತ ಎರಡು ವಾರ ಮಾತಾಡಿದೆವು. ಅಷ್ಟರಲ್ಲಿ ಗೊತ್ತಾಯಿತು, ಮಂಡಿಯ ಹಳೇ ಪುಸ್ತಕದಲ್ಲಿ ಅರ್ಧಕ್ಕರ್ಧ ರೈತರ ಫೋನ್ ನಂಬರೇ ಇಲ್ಲ.

ಆಮೇಲೆ ಪಟ್ಟಿ ಕನ್ನಡದಲ್ಲಿ ಬರಲಿ ಅಂದರು. ನ್ಯಾಯವಾದ ಮಾತು. ಮಂಡ್ಯದ ರೈತನಿಗೆ ಇಂಗ್ಲಿಷ್ ಪಟ್ಟಿ ಕೊಡೋಕೆ ನನಗೇ ನಾಚಿಕೆ. ಆದರೆ ಅವರ ಹಳೇ ಹೆಸರುಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟಿನಲ್ಲಿದ್ದವು. ತಿರುಗಿಸಿದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ‘ಸಿದ್ದಪ್ಪ’ ಅನ್ನುವ ಹೆಸರು ಪರದೆ ಮೇಲೆ ಮೂರು ತುಂಡಾಗಿ ಬಿದ್ದಿತ್ತು. ಜೊತೆಗೆ ಅವರದ್ದು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಇಂಗ್ಲಿಷ್ ಅಕ್ಷರ ಸರಸರ ಹೊಡೆಯುತ್ತೆ. ಕನ್ನಡವನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸಬೇಕು. ಒಂದು ಪಟ್ಟಿ ಬರುವಷ್ಟರಲ್ಲಿ ಹಮಾಲಿಗಳು ಇನ್ನೊಂದು ಗಾಡಿ ಇಳಿಸಿ ಬೀಡಿ ಹಚ್ಚಿರುತ್ತಿದ್ದರು.

ಸೇರಿಸಿದ್ದರಲ್ಲಿ ನನಗೆ ಇವತ್ತಿಗೂ ಪಾಠದ ಹಾಗೆ ಕಾಣುವುದು ಪ್ಯಾಕೆಟ್ ಬೆಲ್ಲ. ‘ಒಂದ್ ಕೆಜಿ ಪ್ಯಾಕೆಟ್ ಮಾಡ್ತಾ ಇದೀವಿ, ಅದೂ ಇದ್ರಲ್ಲೇ ಬಂದ್ಬುಡ್ಲಿ.’ ಕೇಳೋಕೆ ಎಷ್ಟು ಸಲೀಸು ನೋಡಿ. ಬಿಡಿ ಬೆಲ್ಲಕ್ಕೆ ತೆರಿಗೆ ಇಲ್ಲ. ಆದರೆ 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಬೆಲ್ಲಕ್ಕೆ 5% ಜಿಎಸ್‌ಟಿ ಬಂತು. ನಾವು ತೆರಿಗೆಯೇ ಇಲ್ಲದ ಸರಕು ಅಂತ ಲೆಕ್ಕ ಹಾಕಿ ಇಡೀ ಬಿಲ್ಲಿಂಗ್ ಕಟ್ಟಿದ್ದೆವು. ಈಗ ಅದೇ ಬೆಲ್ಲ ಚೀಲದಲ್ಲಿ ಹೋದರೆ ಒಂದು ಬಿಲ್ಲು, ಪ್ಯಾಕೆಟ್ಟಿನಲ್ಲಿ ಹೋದರೆ ಇನ್ನೊಂದು. ತೆರಿಗೆ ಕಾಲಮ್ಮು ಬಂತು, ಸರಕಿನ ತೆರಿಗೆ ಕೋಡ್ ಬಂತು, ಮಾಲು ವಾಪಸ್ ಬಂದರೆ ಬೇರೆ ಚೀಟಿ ಬಂತು. ಒಂದು ಕ್ವಿಂಟಾಲ್ ಅಚ್ಚು ಬೆಲ್ಲ ಒಡೆದು ತುಂಬಿಸಿದರೆ ನೂರು ಪ್ಯಾಕೆಟ್ ಆಗಲ್ಲ, ಪುಡಿ ಉದುರುತ್ತೆ. ಆ ಪುಡಿಗೂ ಲೆಕ್ಕ ಬೇಕು. ಖಾಲಿ ಕವರಿಗೂ ಬೇಕು. ಒಂದು ವಾಕ್ಯದಲ್ಲಿ ಬಂದ ಕೋರಿಕೆ ಏಳು ವಾರ ತಿಂದಿತು. ಕಾನೂನು ಬದಲಾದರೆ ಸಾಫ್ಟ್‌ವೇರ್ ಬದಲಾಗಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಏಳು ವಾರ ಆಗುತ್ತೆ, ಇಷ್ಟು ದುಡ್ಡಾಗುತ್ತೆ, ಆಯುಧ ಪೂಜೆ ತಪ್ಪುತ್ತೆ ಅಂತ ಆವತ್ತೇ ಹೇಳಬೇಕಿತ್ತು. ನಾನು ಹೇಳಿದ್ದು ‘ನೋಡೋಣ ಬಿಡಿ ಅಣ್ಣ’.

ಯಜಮಾನರೊಬ್ಬರೇ ಕೇಳಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತೇನೋ. ಆದರೆ ಬೆಂಗಳೂರಲ್ಲಿ ಓದಿ ಬಂದ ಅವರ ಮಗ ಒಂದು ಕಡೆ, ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದ ರೈಟರ್ ಇನ್ನೊಂದು ಕಡೆ, ಭಾವಮೈದ ಮತ್ತೊಂದು ಕಡೆ. ಮಗನಿಗೆ ಮುಂಗಡದ ಬಡ್ಡಿ ದಿನದ ಲೆಕ್ಕದಲ್ಲಿ ಬೇಕು. ರೈಟರಿಗೆ ತಿಂಗಳ ಲೆಕ್ಕದಲ್ಲಿ ಬೇಕು. ಮೂವರೂ ನನ್ನನ್ನು ಬಿಟ್ಟು ನೇರ ನಮ್ಮ ಹುಡುಗರಿಗೇ ಫೋನ್ ಹಚ್ಚುತ್ತಿದ್ದರು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು, ಆಗಷ್ಟೇ ಕಾಲೇಜು ಮುಗಿಸಿದವನು, ಯಾರು ಕೇಳಿದರೂ ‘ಆಯ್ತಣ್ಣ’ ಅಂದು ಮಾಡಿಕೊಟ್ಟುಬಿಡೋನು. ಬೆಳಗ್ಗೆ ದಿನದ ಬಡ್ಡಿ ಮಾಡೋದು, ಸಂಜೆ ತಿಂಗಳ ಬಡ್ಡಿಗೆ ತಿರುಗಿಸೋದು. ಇದು ನನಗೆ ಗೊತ್ತಾಗುವಷ್ಟರಲ್ಲಿ ದೀಪಾವಳಿ ಕಳೆದಿತ್ತು.

ನನ್ನ ತಪ್ಪೂ ಹೇಳಬೇಕಲ್ಲ. ಒಂದು ದಿನ ಯಾರೂ ಕೇಳದೆ ನಾನೇ ಕೂತು ಬೆಲ್ಲದ ರೇಟಿನ ಗ್ರಾಫ್ ಒಂದು ಮಾಡಿದೆ. ಅಚ್ಚಿಗೆ ಒಂದು ಬಣ್ಣ, ಬಕೆಟ್ ಬೆಲ್ಲಕ್ಕೆ ಒಂದು ಬಣ್ಣ. ಸುಮ್ನೆ, ಖುಷಿಗೆ. ತೋರಿಸಿದಾಗ ಯಜಮಾನರು ಕನ್ನಡಕ ಹಾಕಿಕೊಂಡು ನೋಡಿದರು. ‘ಬಾಳ ಚೆನ್ನಾಗದೆ ಕಣ್ರೀ. ಇದು ನನ್ ಫೋನಲ್ಲೂ ಬರ್ಬೇಕಲ್ಲ’ ಅಂದರು. ಹಾಗೆ ಹುಟ್ಟಿದ್ದು ಮೊಬೈಲ್ ಆ್ಯಪು. ಒಪ್ಪಂದದಲ್ಲಿ ಆ್ಯಪ್ ಅನ್ನುವ ಪದವೇ ಇರಲಿಲ್ಲ.

ಕೊನೆಯ ಪೆಟ್ಟು ಮದ್ದೂರಿನದು. ಅಲ್ಲೊಂದು ಅಂಗಡಿ ಹಾಕ್ತೀವಿ, ಎರಡೂ ಕಡೆಯ ಲೆಕ್ಕ ಒಂದೇ ಕಡೆ ಕಾಣಬೇಕು ಅಂದರು. ನಾವು ಕಟ್ಟಿದ್ದು ಒಂದೇ ಅಂಗಡಿಯ ಲೆಕ್ಕ. ಎರಡನೇದು ಬಂದರೆ ಬುಡದಿಂದ ಬಿಚ್ಚಬೇಕು. ಅಷ್ಟು ಹೇಳಿದ್ದಕ್ಕೆ ಯಜಮಾನರು, ‘ಕನ್ನಂಬಾಡಿ ಕಟ್ಟೆನೂ ಒಂದೇ ಸಲಕ್ಕೆ ಎತ್ತರ ಆಯ್ತಾ ಸ್ವಾಮಿ? ಮೊದ್ಲು ಸಣ್ದು, ಆಮೇಲೆ ದೊಡ್ದು’ ಅಂದರು. ಆವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಗೊತ್ತು. 1911ರಲ್ಲಿ ಕೆಲಸ ಶುರುವಾದಾಗ ಮದ್ರಾಸಿನವರ ತಕರಾರಿನಿಂದ ಸಿಕ್ಕಿದ್ದು 11 ಟಿಎಂಸಿ ಕಟ್ಟೆಗೆ ಒಪ್ಪಿಗೆ. ಆದರೆ ವಿಶ್ವೇಶ್ವರಯ್ಯನವರು ಪಾಯ ಹಾಕಿಸಿದ್ದು 41.5 ಟಿಎಂಸಿ ಕಟ್ಟೆಗೆ ಆಗುವಷ್ಟು ಅಗಲ. ಕಟ್ಟೆ ಆಮೇಲೆ ಎತ್ತರ ಆದದ್ದು ಪಾಯ ಮೊದಲೇ ಆ ಅಳತೆಗೆ ಇದ್ದದ್ದರಿಂದ. ನಾನು ಹಾಕಿದ್ದು ಹಿತ್ತಿಲ ತೊಟ್ಟಿಯ ಪಾಯ.

ಆಮೇಲೊಂದು ಭಾನುವಾರ ವಾಟ್ಸ್‌ಆ್ಯಪ್ ಗುಂಪು, ಫೋನ್ ರೆಕಾರ್ಡು ಎಲ್ಲ ಹಿಡಿದು ಎಣಿಸಿದೆ. ಒಪ್ಪಂದದ ಹೊರಗೆ 31 ಸೇರ್ಪಡೆ. ಪ್ರತಿಯೊಂದಕ್ಕೂ ಆವತ್ತು ಅಂದುಕೊಂಡಿದ್ದು ಅರ್ಧ ದಿನ, ಒಂದು ದಿನ, ಎರಡು ದಿನ. ಕೂಡಿದರೆ 38 ದಿನ. ಹಿಡಿದದ್ದು 140ಕ್ಕೂ ಜಾಸ್ತಿ. ಬರೆಯುವುದಕ್ಕೆ ಬೇಕಾದ ಸಮಯ ಅಷ್ಟೇ ನಾನು ಲೆಕ್ಕ ಹಾಕಿದ್ದೆ. ಹೊಸದು ಬಂದಾಗ ಹಳೆಯದೆಲ್ಲ ಸರಿ ಇದೆಯಾ ಅಂತ ಮತ್ತೆ ನೋಡಬೇಕಲ್ಲ, ಅದನ್ನು ಹಿಡಿದಿರಲಿಲ್ಲ. ಒಂದಕ್ಕೊಂದು ತಾಗುವ ಭಾಗ ಐದಿದ್ದರೆ ನೋಡಬೇಕಾದ ಜೋಡಿ 10. ಭಾಗ ಹತ್ತಾದರೆ ಜೋಡಿ 20 ಅಲ್ಲ, 45. ಕೆಲಸ ಎರಡರಷ್ಟಾದಾಗ ತಾಪತ್ರಯ ನಾಲ್ಕೂವರೆಯಷ್ಟು.

ಇಷ್ಟೆಲ್ಲ ಆದಮೇಲೂ ಜುಲೈನಲ್ಲಿ ಶುರು ಮಾಡಿದೆವು. ಒಂಬತ್ತನೇ ದಿನ ಬೆಳಗ್ಗೆ ನಾನು ಮಂಡಿಯಲ್ಲೇ ಇದ್ದೆ. ಒಬ್ಬ ಅಜ್ಜ ಪಟ್ಟಿ ಹಿಡಿದುಕೊಂಡು ಕೌಂಟರಿನ ಮುಂದೆ ನಿಂತರು. ಜೇಬಿನಿಂದ ಮೋಟು ಪೆನ್ಸಿಲ್ ತೆಗೆದು, ಪಟ್ಟಿಯ ಹಿಂದುಗಡೆ ಗೀಚಿ ಗೀಚಿ ಕೂಡಿದರು. ಎರಡು ಸಲ ಕೂಡಿದರು. ಆಮೇಲೆ ಬಹಳ ಮೆತ್ತಗೆ ಕೇಳಿದರು, ‘ನನ್ ಹನ್ನೆರಡ್ ಕೆಜಿ ಬೆಲ್ಲ ಎಲ್ಗೋಯ್ತು ಸ್ವಾಮಿ?’

24 ಚೀಲ. ಚೀಲಕ್ಕೆ ಅರ್ಧ ಕೆಜಿಯಂತೆ ಗೋಣಿ ತೂಕ 12 ಕೆಜಿ ಕಳೆಯಬೇಕು. ಪಟ್ಟಿಯಲ್ಲಿ 24 ಕೆಜಿ ಕಳೆದಿತ್ತು. ಪ್ಯಾಕೆಟ್ ಬೆಲ್ಲಕ್ಕೆ ನಿವ್ವಳ ತೂಕ ಬೇಕು ಅಂತ ನಮ್ಮ ಹುಡುಗ ತೂಕ ಬರೆದುಕೊಳ್ಳುವಾಗಲೇ ಗೋಣಿ ಕಳೆಯುವ ಹಾಗೆ ಬದಲಾಯಿಸಿದ್ದ. ಪಟ್ಟಿ ಮಾಡುವ ಭಾಗ ಮೊದಲಿನಂತೆ ಇನ್ನೊಂದು ಸಲ ಕಳೆಯುತ್ತಿತ್ತು. ಕೆಜಿಗೆ 38 ರೂಪಾಯಿಯಂತೆ ಅಜ್ಜನಿಗೆ 456 ರೂಪಾಯಿ ಖೋತಾ. ಒಂಬತ್ತು ದಿನದ ಪಟ್ಟಿಗಳೆಲ್ಲ ಹಾಗೇ ಹೋಗಿದ್ದವು. ಮಂಡಿಯಲ್ಲಿ ತೂಕದ ಮಾತು ಎತ್ತಿದರೆ ಸಾಕು, ಅದು ಊರೂರು ಸುತ್ತುತ್ತೆ. ಯಜಮಾನರು ಆವತ್ತು ಸಂಜೆಯವರೆಗೂ ಒಬ್ಬೊಬ್ಬ ರೈತರಿಗೂ ಫೋನ್ ಮಾಡಿ ದುಡ್ಡು ವಾಪಸ್ ಕೊಟ್ಟರು. ಮಾರನೇ ದಿನದಿಂದ ಮತ್ತೆ ಹಳೇ ಪುಸ್ತಕ, ಹಳೇ ರೈಟರ್.

ಉಳಿದ ದುಡ್ಡು ಕೇಳೋಕೆ ಹೋದಾಗ ಅವರು ರೇಗಲಿಲ್ಲ. ‘ಪ್ರತಿ ಸಲಾನೂ ಹೂಂ ಅಂದೋರು ನೀವೇ ಅಲ್ವಾ?’ ಅಂದರು. ಅಷ್ಟೇ. ನಾಲ್ಕು ವರ್ಷದ ಪರಿಚಯ, ಪ್ರತಿ ಸಂಕ್ರಾಂತಿಗೆ ಎಳ್ಳು ಬೀರೋಕೆ ಅಚ್ಚು ಬೆಲ್ಲ ಕಳಿಸುತ್ತಿದ್ದರು. ಈಗ ಇಲ್ಲ. ನಮ್ಮ ಆ ಚಿಕ್ಕ ಹುಡುಗನೂ ಕೆಲಸ ಬಿಟ್ಟ. ಅವನದೇನೂ ತಪ್ಪಿರಲಿಲ್ಲ, ಅವನನ್ನು ಎಲ್ಲರ ಫೋನಿಗೂ ಸಿಗುವ ಹಾಗೆ ಬಿಟ್ಟವನು ನಾನು.

ಒಪ್ಪಿಕೊಂಡ ಕೆಲಸದ ಎಲ್ಲೆ ಹೀಗೆ ಸ್ವಲ್ಪ ಸ್ವಲ್ಪವೇ ಹಿಗ್ಗುತ್ತಾ ಹೋಗುವುದಕ್ಕೆ ಸ್ಕೋಪ್ ಕ್ರೀಪ್ ಅನ್ನುತ್ತಾರೆ. ದೊಡ್ಡವರೂ ತಪ್ಪಿಸಿಕೊಂಡಿಲ್ಲ. ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಲಗೇಜ್ ತಾನಾಗಿ ಸಾಗುವ ವ್ಯವಸ್ಥೆ ಮಾಡಲು ಹೊರಟಾಗ, ಇಂಥ ತಾರೀಖಿನ ನಂತರ ಬದಲಾವಣೆ ಇಲ್ಲ ಅಂತ ಮಾತಾಗಿತ್ತಂತೆ. ಆದರೂ ವಿಮಾನ ಕಂಪನಿಗಳು ಸ್ಕೀ ಹಲಗೆಗೆ ಬೇರೆ ಏರ್ಪಾಡು, ಭಾರಿ ಲಗೇಜಿಗೆ ಬೇರೆ ದಾರಿ ಅಂತ ಕೇಳುತ್ತಾ ಹೋದವು. ಅವೂ ಒಪ್ಪಿಗೆಯಾಗುತ್ತಾ ಹೋದವು. ಬೇರೆ ಕಾರಣಗಳೂ ಇದ್ದವು, ನಿಜ. 1993ರ ಅಕ್ಟೋಬರಿಗೆ ತೆರೆಯಬೇಕಾದ ನಿಲ್ದಾಣ ತೆರೆದದ್ದು 1995ರ ಫೆಬ್ರುವರಿಯಲ್ಲಿ. ಆ ವ್ಯವಸ್ಥೆಯನ್ನು 2005ರಲ್ಲಿ ಪೂರ್ತಿ ಕೈಬಿಟ್ಟರು. ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನ ಆಯಿತು ಅಂತ ಹೇಳಿದರೆ ನನ್ನ ಹೆಂಡತಿ ನಕ್ಕಳು.

ಆ ಮಂಡಿಯಲ್ಲಿ ಹದಿಮೂರು ತಿಂಗಳು ಓಡಾಡಿದರೂ ಒಂದು ವಿಷಯ ನನ್ನ ತಲೆಗೆ ಹೋಗಿರಲಿಲ್ಲ. ಅಲ್ಲಿ ಚೀಟಿ ಇಲ್ಲದೆ ಒಂದು ಚೀಲ ಬಾಗಿಲು ದಾಟಲ್ಲ. ಯಜಮಾನರ ಸ್ವಂತ ತಮ್ಮ ಬಂದು ಒಂದು ಅಚ್ಚು ಬೆಲ್ಲ ಒಯ್ದರೂ ಕಾರ್ಬನ್ ಇಟ್ಟು ಬರೆದು ಸಹಿ ಹಾಕಿಸುತ್ತಿದ್ದರು ರೈಟರ್. ಅಂಥವರ ಮುಂದೆ ನಾನು 31 ಸಲ ಚೀಟಿ ಇಲ್ಲದೆ ಮಾಲು ಬಿಟ್ಟಿದ್ದೆ.

ಈಗ ನನ್ನ ಬ್ಯಾಗಿನಲ್ಲೂ ಒಂದು ಕಾರ್ಬನ್ ಪುಸ್ತಕ ಇದೆ. ಯಾರು ಏನೇ ಸೇರಿಸಿ ಅಂದರೂ ಅವರೆದುರೇ ಬರೆಯುತ್ತೇನೆ: ಏನು ಬೇಕು, ಯಾಕೆ ಬೇಕು, ಎಷ್ಟು ದಿನ, ಎಷ್ಟು ದುಡ್ಡು, ಇದಕ್ಕಾಗಿ ಯಾವುದು ಮುಂದಕ್ಕೆ ಹೋಗುತ್ತೆ. ಪುಕ್ಕಟೆ ಮಾಡಿಕೊಡುವುದಾದರೂ ‘0’ ಅಂತ ಬರೆದೇ ಬರೆಯುತ್ತೇನೆ. ಸಹಿ ಹಾಕಬೇಕಾದವರು ಒಬ್ಬರೇ, ಅವರ ಹೆಸರು ಒಪ್ಪಂದದಲ್ಲೇ ಇರುತ್ತೆ. ಮಗ, ಭಾವಮೈದ ಏನು ಬೇಕಾದರೂ ಕೇಳಲಿ, ಸಹಿ ಹಾಕುವ ಆ ಒಬ್ಬರ ಮೂಲಕ ಬರಲಿ. ನಮ್ಮ ಹುಡುಗರ ನಂಬರ್ ಯಾರಿಗೂ ಕೊಡಲ್ಲ. ಏನೇನು ಮಾಡಲ್ಲ ಅನ್ನುವುದು ಈಗ ಒಪ್ಪಂದದಲ್ಲಿ ಒಂದು ಇಡೀ ಹಾಳೆ. ಕೆಲಸ ಕೊಡುವವರೂ ಇದನ್ನು ಕೇಳಿ ಪಡೆಯಿರಿ. ಪ್ರತಿಯೊಂದಕ್ಕೂ ‘ಅದಕ್ಕೇನಂತೆ’ ಅನ್ನುವ ಮನುಷ್ಯ ಸಿಕ್ಕರೆ ಖುಷಿಪಡಬೇಡಿ, ಹುಷಾರಾಗಿ.

ಮೊನ್ನೆ ಮೈಸೂರಿನದೇ ಒಂದು ಕಲ್ಯಾಣ ಮಂಟಪದ ಬುಕಿಂಗ್ ಕೆಲಸ. ಓನರು ಕಾಫಿ ತರಿಸಿ, ‘ಹಂಗೇ ಅಡುಗೆ ಪಾತ್ರೆ ಬಾಡಿಗೆ ಲೆಕ್ಕನೂ ಇದರಲ್ಲೇ ಸೇರಿಸಿಬಿಡಿ ಸರ್’ ಅಂದರು. ನಾನು ಪುಸ್ತಕ ತೆಗೆದು, ಕಾರ್ಬನ್ ಇಟ್ಟು, ‘12 ದಿನ, 36,000’ ಅಂತ ಬರೆದು ಅವರ ಕಡೆ ತಿರುಗಿಸಿದೆ. ಅವರು ಓದಿದರು. ಪೆನ್ನು ಕೈಗೆ ತಗೊಂಡರು. ಮತ್ತೆ ಕೆಳಗಿಟ್ಟರು. ‘ಅಷ್ಟೇನೂ ಅರ್ಜೆಂಟ್ ಇಲ್ಲ ಬಿಡಿ, ಆಮೇಲೆ ನೋಡೋಣ.’

ಆ ಪುಸ್ತಕದಲ್ಲಿ ಇಲ್ಲಿಯವರೆಗೆ 19 ಹಾಳೆ ಬರೆದಿದ್ದೇನೆ. ಸಹಿ ಬಿದ್ದಿರುವುದು 7ಕ್ಕೆ.